ಹಾಜರಾತಿ ಪುಸ್ತಕದಲ್ಲಿ ಎಲ್ಲರೂ ಇದ್ದಾರೆ, ಕ್ಲಾಸಿನಲ್ಲಿ ಇಲ್ಲ: ಎಸ್‌ಡಿಎಂಸಿ ಸಭೆಯಲ್ಲಿ ಏನು ಕೇಳಬೇಕು?

ಹಳೇಪೇಟೆ ಪೋಷಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಊರೊಳಗಿನ ಒಂದು ದೊಡ್ಡ ಸರ್ಕಾರಿ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸ್ ಓದುತ್ತಿದ್ದಾಳೆ. ಪಿಯು ಕಾಲೇಜಿನ ಕಾಂಪೌಂಡ್ ಒಳಗೇ ಇರುವ ಶಾಲೆ. ಹಾಗಾಗಿ ಹೆಡ್‌ಮಾಸ್ಟರ್ ಬದಲು ಉಪ ಪ್ರಾಂಶುಪಾಲರು ನೋಡಿಕೊಳ್ಳುತ್ತಾರೆ. ಎಂಟರಿಂದ ಹತ್ತರವರೆಗೆ ಆರುನೂರಕ್ಕೂ ಜಾಸ್ತಿ ಮಕ್ಕಳಿದ್ದಾರೆ. ಈ ವರ್ಷ ನನ್ನನ್ನು ಎಸ್‌ಡಿಎಂಸಿಗೆ, ಅಂದರೆ ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಸೇರಿಸಿಕೊಂಡಿದ್ದಾರೆ.

ಹೋದ ಸಲ ನಮ್ಮ ಶಾಲೆಯ ಎಸ್ಸೆಸ್ಸೆಲ್ಸಿ ರಿಸಲ್ಟ್ ಚೆನ್ನಾಗಿ ಬರಲಿಲ್ಲ. ಮೊದಲ ಸಭೆಯಲ್ಲಿ ಅದೇ ಮಾತು. ಶಿಕ್ಷಕರು ಹೇಳಿದ್ದು ಇಷ್ಟೇ: ಮಕ್ಕಳು ಸ್ಕೂಲಿಗೇ ಬರುವುದಿಲ್ಲ, ಬಂದವರಿಗೆ ತಾನೇ ಪಾಠ ಮಾಡೋಕೆ ಆಗೋದು ಅಂತ. ಸರಿ, ಹಾಗಾದರೆ ಹಾಜರಾತಿ ಎಷ್ಟಿದೆ ತೋರಿಸಿ ಅಂದೆ. ನೋಡಿದರೆ ಹತ್ತನೇ ಕ್ಲಾಸಿನಲ್ಲಿ ಹೆಚ್ಚೂ ಕಡಿಮೆ ಎಲ್ಲರದ್ದೂ ಶೇ 75ರ ಮೇಲೆ. ಎಂಬತ್ತು, ಎಂಬತ್ತೈದು ಇರುವವರೇ ಬಹಳ. ಆದರೆ ಮಗಳು ಹೇಳುವುದು ಬೇರೆ. ಅವಳ ಸೆಕ್ಷನ್ನಿನಲ್ಲಿ ಎಪ್ಪತ್ತರ ಹತ್ತಿರ ಹೆಸರಿವೆ, ಸೋಮವಾರ ನಲವತ್ತು ಜನ ಇದ್ದರೆ ಹೆಚ್ಚು, ಊಟ ಆದಮೇಲೆ ಇನ್ನೂ ಕಮ್ಮಿ ಅಂತೆ.

ನಾನು ಮಂಡಿಪೇಟೆಯಲ್ಲಿ ಲೆಕ್ಕ ಬರೆಯುವವನು. ಎಷ್ಟು ಚೀಲ ಬಂತು, ಎಷ್ಟು ಚೀಲ ಹೋಯಿತು, ಎರಡೂ ಕೂಡಿಬರದಿದ್ದರೆ ನಮಗೆ ರಾತ್ರಿ ಮನೆಗೆ ಹೋಗುವ ಹಾಗಿಲ್ಲ. ಇಲ್ಲಿ ಮಕ್ಕಳು ಬರುವುದಿಲ್ಲ ಅನ್ನುವುದೂ ನಿಜ, ಎಲ್ಲರದ್ದೂ 75 ಇದೆ ಅನ್ನುವುದೂ ನಿಜ ಅಂದರೆ ಲೆಕ್ಕ ಎಲ್ಲೋ ತಪ್ಪಿದೆ ಅಲ್ವಾ?

ಸಭೆಯಲ್ಲಿ ಒಬ್ಬರು ಜನವರಿಯಿಂದ ಬೆಳಗ್ಗೆ ವಿಶೇಷ ತರಗತಿ ಮಾಡಿಸೋಣ ಅಂದರು. ಇನ್ನೊಬ್ಬರು ಬಿಗಿ ಮಾಡಿ, 75 ಇಲ್ಲದವರಿಗೆ ಹಾಲ್ ಟಿಕೆಟ್ ಕೊಡಬೇಡಿ ಅಂದರು. ನನಗೆ ಎರಡೂ ಸರಿ ಕಾಣಲಿಲ್ಲ, ಆದರೆ ಅದರ ಬದಲು ಏನು ಮಾಡಬೇಕು ಅಂತ ಹೇಳುವಷ್ಟು ತಿಳಿವಳಿಕೆಯೂ ಇಲ್ಲ. ಮುಂದಿನ ಸಭೆ ಹತ್ತಿರ ಬಂದಿದೆ. ಶಿಕ್ಷಕರಿಗೆ ನಾವು ತನಿಖೆ ಮಾಡೋಕೆ ಬಂದಿದ್ದೇವೆ ಅನಿಸಬಾರದು, ಆದರೆ ಸತ್ಯವೂ ಗೊತ್ತಾಗಬೇಕು. ಯಾವ ಅಂಕಿ ಕೇಳಬೇಕು, ಏನು ಮಾಡಿದರೆ ನಿಜವಾಗಿ ಮಕ್ಕಳು ಬರುತ್ತಾರೆ? ದಾವಣಗೆರೆ, ಚಿತ್ರದುರ್ಗದ ಕಡೆ ಇಂಥ ದೊಡ್ಡ ಶಾಲೆಯಲ್ಲಿ ಕೆಲಸ ಮಾಡಿದವರು, ಓದಿದವರು ಇದ್ದರೆ ದಯವಿಟ್ಟು ಬರೆಯಿರಿ.

ಗಣಿತ ಮೇಷ್ಟ್ರು (ನಿವೃತ್ತ), ಚಿತ್ರದುರ್ಗ

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ ಸರ್. ಎಸ್‌ಡಿಎಂಸಿಯವರು ಸಾಮಾನ್ಯವಾಗಿ ಕಟ್ಟಡ, ಬಣ್ಣ, ಡೆಸ್ಕು ಅಂತಲೇ ಮಾತಾಡುತ್ತಾರೆ. ಹಾಜರಾತಿ ಪುಸ್ತಕ ಕೇಳುವವರು ಕಡಿಮೆ.

ಮೊದಲು ಒಂದು ಮಾತು. ರಿಸಲ್ಟ್ ಶೇಕಡಾವಾರು ನೋಡಿ ಶಾಲೆಯನ್ನು ಅಳೆಯಬೇಡಿ. ನಮ್ಮ ಜಿಲ್ಲೆಯನ್ನೇ ನೋಡಿ. 2023ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರದುರ್ಗ ಶೇ 96.80 ತೆಗೆದು ಇಡೀ ರಾಜ್ಯಕ್ಕೆ ಮೊದಲು ಬಂತು. ಮರುವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಶುರು ಮಾಡಿದರು. ಆ ವರ್ಷ ರಾಜ್ಯದ ಫಲಿತಾಂಶವೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹತ್ತರಿಂದ ಇಪ್ಪತ್ತಕ್ಕೆ ಏರಿಸಿದ ಮೇಲೆ. ಚಿತ್ರದುರ್ಗ ಮೊದಲ ಸ್ಥಾನದಿಂದ ಎಲ್ಲೋ ಕೆಳಗೆ ಹೋಯಿತು. 2025ರಲ್ಲಿ ಆ ಹೆಚ್ಚಿನ ಕೃಪಾಂಕ ಇರಲಿಲ್ಲ, ರಾಜ್ಯ 62.34ಕ್ಕೆ ನಿಂತಿತು. ಒಂದು ವರ್ಷದಲ್ಲಿ ನಮ್ಮ ಮಕ್ಕಳು ದಡ್ಡರಾಗಿಬಿಟ್ಟರಾ? ಇಲ್ಲ. ಅಳೆಯುವ ರೀತಿ ಬದಲಾಯಿತು, ಮೊದಲಿಂದ ಇದ್ದದ್ದೇ ಕಾಣಿಸಿತು.

ಹಾಜರಾತಿಯದ್ದೂ ಇದೇ ಕಥೆ. 75 ಅನ್ನುವ ಗೆರೆ ಇದೆ. ಅದರ ಕೆಳಗೆ ಹೋದರೆ ಮಗು ಪರೀಕ್ಷೆಗೆ ಕೂರುವಂತಿಲ್ಲ. ಯಾವ ಮೇಷ್ಟ್ರಿಗೆ ಮನಸ್ಸು ಬರುತ್ತದೆ ಹೇಳಿ? ಆ ಮನೆ ಪರಿಸ್ಥಿತಿ ಗೊತ್ತಿರುತ್ತದೆ. ಹಾಗಾಗಿ ಪುಸ್ತಕದಲ್ಲಿ ಎಲ್ಲರೂ ಗೆರೆ ದಾಟಿರುತ್ತಾರೆ. ಇದನ್ನು ಮೋಸ ಅಂತ ಬೈಯುವುದು ಸುಲಭ. ಆದರೆ ಕರುಣೆಯಿಂದ ಹಾಕಿದ ಆ ಟಿಕ್ಕೇ ಮಗುವಿಗೆ ತೊಂದರೆ ಮಾಡುತ್ತದೆ, ಯಾಕೆಂದರೆ ಪುಸ್ತಕದಲ್ಲಿ ಇರುವ ಮಗುವನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ.

ಇನ್ನೊಂದು ವಿಷಯ. ಶಾಲೆ ವರ್ಷಕ್ಕೆ 220 ದಿನ ನಡೆಯಿತು ಅಂದುಕೊಳ್ಳಿ. ಅದರಲ್ಲಿ ಶೇ 75 ಅಂದರೆ 165 ದಿನ. ಅಂದರೆ 55 ದಿನ ಬರದೇ ಇದ್ದರೂ ನಿಯಮದ ಪ್ರಕಾರ ಸರಿ. ಎರಡು ತಿಂಗಳ ಪಾಠ ಹೋದರೂ ಆ ಹುಡುಗನ ಹೆಸರು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ನಾನು ಗಣಿತ ಕಲಿಸಿದವನು. ಸಮಾಜ ವಿಜ್ಞಾನದಲ್ಲಿ ಒಂದು ಪಾಠ ತಪ್ಪಿದರೆ ಇನ್ನೊಂದು ಓದಿಕೊಳ್ಳಬಹುದು. ಗಣಿತದಲ್ಲಿ ಹಾಗಲ್ಲ. ಬಹುಪದೋಕ್ತಿ ಕ್ಲಾಸಿಗೆ ಬಾರದವನಿಗೆ ವರ್ಗಸಮೀಕರಣ ಅರ್ಥವೇ ಆಗುವುದಿಲ್ಲ. ಒಂದು ವಾರ ಬಿಟ್ಟ ಮಗು ವಾಪಸ್ ಬಂದಾಗ ಬೋರ್ಡು ನೋಡಿ ಸುಮ್ನೆ ಕೂರುತ್ತದೆ, ನಾಚಿಕೆಯಿಂದ ಕೇಳುವುದಿಲ್ಲ, ಆಮೇಲೆ ಗಣಿತ ಇರುವ ದಿನವೇ ತಪ್ಪಿಸಿಕೊಳ್ಳುತ್ತದೆ. ಬರದೇ ಇದ್ದದ್ದಕ್ಕೆ ಅರ್ಥವಾಗಲಿಲ್ಲ, ಅರ್ಥವಾಗದೇ ಇದ್ದದ್ದಕ್ಕೆ ಬರಲಿಲ್ಲ. ನೀವು ಎಲ್ಲಿಂದ ಕಡಿಯುತ್ತೀರಿ ಅನ್ನುವುದೇ ಪ್ರಶ್ನೆ.

ನನ್ನ ಸಲಹೆ ಇಷ್ಟು. ಸರಾಸರಿ ಕೇಳಬೇಡಿ, ದಿನ ಕೇಳಿ. ಹೋದ ತಿಂಗಳ ರಿಜಿಸ್ಟರ್ ತೆಗೆದು ವಾರದ ಯಾವ ದಿನ ಎಷ್ಟು ಮಕ್ಕಳು ಬಂದಿರಲಿಲ್ಲ ಅಂತ ಎಣಿಸಿ. ಸಂತೆ ದಿನ, ಅಮಾವಾಸ್ಯೆ, ಹಬ್ಬದ ಮರುದಿನ, ಜಾತ್ರೆ ವಾರ ಬೇರೆಯಾಗಿ ನೋಡಿ. ನಿಮ್ಮ ಕಡೆ ಅಮಾವಾಸ್ಯೆಗೆ ಉಕ್ಕಡಗಾತ್ರಿ ಅಜ್ಜಯ್ಯನ ದರ್ಶನಕ್ಕೆ ಮನೆಮಂದಿಯೆಲ್ಲ ಹೋಗುವುದು ನನಗೂ ಗೊತ್ತು. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಅದೂ ಸರಿಯಾಗಿ ಪರೀಕ್ಷೆ ಹತ್ತಿರ ಇರುವಾಗ. ಊರಿಗೆಲ್ಲ ನೆಂಟರು ಬಂದಿರುವ ವಾರದಲ್ಲಿ ಹತ್ತನೇ ಕ್ಲಾಸಿನ ಹುಡುಗ ಎಲ್ಲಿ ಓದುತ್ತಾನೆ? ಇದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಂಡು ಪೂರ್ವಸಿದ್ಧತಾ ಪರೀಕ್ಷೆ, ಪುನರಾವರ್ತನೆ ಹೊಂದಿಸಿದರೆ ಅರ್ಧ ಕೆಲಸ ಆಯಿತು.

ತೋಳಹುಣಸೆ ಹುಡುಗ

ನಾನು ಈಗ ಡಿಗ್ರಿ ಮುಗಿಸಿ ಎಂಕಾಂ ಮಾಡುತ್ತಿದ್ದೇನೆ. ಓದಿದ್ದು ದಾವಣಗೆರೆಯದ್ದೇ ಒಂದು ದೊಡ್ಡ ಸರ್ಕಾರಿ ಹೈಸ್ಕೂಲು. ಹೆಸರು ಬೇಡ. ನಮ್ಮ ಮನೆ ಮಂಡಕ್ಕಿ ಭಟ್ಟಿಗಳ ಕಡೆ. ಬರದೇ ಇರುವ ಮಕ್ಕಳ ಪರವಾಗಿ ನಾನು ಸ್ವಲ್ಪ ಮಾತಾಡಬೇಕು.

ನಮ್ಮ ಮಾವನದ್ದೇ ಭಟ್ಟಿ. ಬೆಳಗಿನ ಜಾವ ಹುರಿಯುವ ಕೆಲಸ ಶುರು. ನಾನು ಚೀಲ ತುಂಬುತ್ತಿದ್ದೆ, ಹೊಲಿಯುತ್ತಿದ್ದೆ. ಗಾಡಿಗೆ ಹಾಕಿ ಮನೆಗೆ ಬಂದು ಸ್ನಾನ ಮಾಡಿ ಓಡಿದರೂ ಪ್ರಾರ್ಥನೆ ಮುಗಿದಿರುತ್ತಿತ್ತು. ಗೇಟು ಹಾಕಿರುತ್ತಿದ್ದರು. ಲೇಟಾಗಿ ಬಂದವರನ್ನು ಒಳಗೆ ಬಿಡಬಾರದು, ಶಿಸ್ತು ಬರಲಿ ಅಂತ ಶಾಲೆಯವರ ಲೆಕ್ಕ. ಆದರೆ ಹದಿನೈದು ನಿಮಿಷ ಲೇಟಾದ ಹುಡುಗ ಗೇಟಿನಿಂದ ವಾಪಸ್ ಹೋದರೆ ಇಡೀ ದಿನ ಗೈರು. ನನ್ನ ಜೊತೆ ಗೇಟಿನ ಹೊರಗೆ ನಿಂತವರಲ್ಲಿ ಯಾರೂ ಮನೆಗೆ ಹೋಗುತ್ತಿರಲಿಲ್ಲ. ಕೆಲವರು ಎಪಿಎಂಸಿ ಕಡೆ, ಕೆಲವರು ಗ್ಯಾರೇಜಿಗೆ, ಕೆಲವರು ಸುಮ್ನೆ ಹೈಸ್ಕೂಲ್ ಮೈದಾನದಲ್ಲಿ ಕೂರುವುದು. ಗ್ಯಾರೇಜಿನಲ್ಲಿ ಸಂಜೆ ಹೊತ್ತಿಗೆ ಕೈಗೆ ದುಡ್ಡು ಕೊಡುತ್ತಾರೆ. ಒಂದು ಸಲ ಆ ರುಚಿ ಹತ್ತಿದ ಮೇಲೆ ಹುಡುಗ ಗೇಟಿನ ತನಕವೂ ಬರುವುದಿಲ್ಲ.

ನನ್ನನ್ನು ಉಳಿಸಿದ್ದು ಇಂಗ್ಲಿಷ್ ಮೇಡಂ ಒಬ್ಬರು. ಅವರು ಬೈಯಲಿಲ್ಲ, ನೋಟಿಸ್ ಕಳಿಸಲಿಲ್ಲ. ಒಂದು ದಿನ ಭಟ್ಟಿಗೇ ಬಂದರು. ಹೊಗೆಯಲ್ಲಿ ನಿಂತು ಮಾವನ ಜೊತೆ ಮಾತಾಡಿದರು. ಇವನನ್ನು ಕೆಲಸಕ್ಕೆ ಹಚ್ಚುವುದೇ ತಪ್ಪು, ಕಾನೂನೂ ಒಪ್ಪುವುದಿಲ್ಲ, ಮೊದಲು ಬೆಳಗಿನ ಕೆಲಸ ಬಿಡಿಸಿ ಅಂತ ನೇರವಾಗಿ ಹೇಳಿದರು. ಮಾವನಿಗೆ ಅದು ಹೆದರಿಕೆಯೋ ಮರ್ಯಾದೆಯೋ ಗೊತ್ತಿಲ್ಲ, ಟೀಚರ್ ಮನೆ ಬಾಗಿಲಿಗೆ ಬಂದರು ಅನ್ನುವುದು ಮಾತ್ರ ಓಣಿಗೆಲ್ಲ ಗೊತ್ತಾಯಿತು. ಆಮೇಲೆ ನನ್ನನ್ನು ಯಾರೂ ಬೆಳಗ್ಗೆ ಎಬ್ಬಿಸಲಿಲ್ಲ.

ಹಾಗಾಗಿ ಸಭೆಯಲ್ಲಿ ಇದೊಂದು ಕೇಳಿ ಅಣ್ಣ: ಲೇಟಾಗಿ ಬಂದವರನ್ನು ಏನು ಮಾಡುತ್ತೀರಿ? ಒಳಗೆ ಬಿಟ್ಟು, ಲೇಟು ಅಂತ ಬೇರೆ ಪುಸ್ತಕದಲ್ಲಿ ಬರೆಯಿರಿ ಅಂತ ಹೇಳಿ. ಆ ಪುಸ್ತಕ ತೆರೆದರೆ ಯಾವ ಮಗುವಿನ ಮನೆಗೆ ಹೋಗಬೇಕು ಅಂತ ತಾನಾಗಿ ಗೊತ್ತಾಗುತ್ತದೆ.

ಅತಿಥಿ ಶಿಕ್ಷಕಿ, ಚನ್ನಗಿರಿ ತಾಲ್ಲೂಕು

ಶಿಕ್ಷಕರ ಕಡೆಯ ಮಾತೂ ಇರಲಿ.

ನಾನು ವಿಜ್ಞಾನ ಕಲಿಸುತ್ತೇನೆ. ಅತಿಥಿ ಶಿಕ್ಷಕಿ ಅಂದರೆ ನಿಮಗೆ ಗೊತ್ತಲ್ಲ, ಪ್ರತಿ ವರ್ಷ ಹೊಸದಾಗಿ ನೇಮಕ. ಶಾಲೆ ಶುರುವಾಗಿ ಎಷ್ಟೋ ದಿನ ಆದಮೇಲೆ ನಮ್ಮ ಆದೇಶ ಬರುತ್ತದೆ. ಅಲ್ಲಿಯವರೆಗೆ ಮಕ್ಕಳಿಗೆ ಆ ಪೀರಿಯಡ್ಡೇ ಇಲ್ಲ. ಸೇತುಬಂಧ ಅಂತ ಜೂನ್‌ನಲ್ಲಿ ಹಳೆಯ ಪಾಠ ಗಟ್ಟಿ ಮಾಡಿಸುವ ಕಾರ್ಯಕ್ರಮ ಇದೆ, ಅದು ನಡೆಯುವ ಹೊತ್ತಿಗೆ ವಿಷಯದ ಶಿಕ್ಷಕರೇ ಇರುವುದಿಲ್ಲ. ಕ್ಲಾಸಿನಲ್ಲಿ ಯಾರೂ ಬರದ ಪೀರಿಯಡ್ಡಿಗೆ ಮಕ್ಕಳು ಯಾಕೆ ಕೂರುತ್ತಾರೆ? ಅಲ್ಲೇ ಅಭ್ಯಾಸ ತಪ್ಪುವುದು. ಆದ್ದರಿಂದ ಮಕ್ಕಳ ಹಾಜರಾತಿ ಕೇಳುವಾಗ, ಯಾವ ವಿಷಯಕ್ಕೆ ಎಷ್ಟು ವಾರ ಶಿಕ್ಷಕರು ಇರಲಿಲ್ಲ ಅಂತಲೂ ಕೇಳಿ. ಇರುವ ಶಿಕ್ಷಕರನ್ನೂ ಮತಪಟ್ಟಿ ಕೆಲಸ, ಸಮೀಕ್ಷೆ ಅಂತ ಕಳಿಸುತ್ತಾರೆ. 2025ರಲ್ಲಿ ಜಾತಿ ಸಮೀಕ್ಷೆಗಾಗಿ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಖಾಸಗಿ ಶಾಲೆಯ ಮಕ್ಕಳು ಆ ದಿನಗಳಲ್ಲಿ ಪಾಠ ಕೇಳುತ್ತಿದ್ದರು, ನಮ್ಮವರು ಅಡಿಕೆ ಸುಲಿಯುತ್ತಿದ್ದರು. ಪರೀಕ್ಷೆ ಮಾತ್ರ ಇಬ್ಬರಿಗೂ ಒಂದೇ.

ಅಡಿಕೆ ವಿಷಯಕ್ಕೇ ಬರುತ್ತೇನೆ. ನಮ್ಮಲ್ಲಿ ಕೊಯ್ಲು ಶುರುವಾದರೆ ಕ್ಲಾಸಿನ ಹಿಂದಿನ ಬೆಂಚುಗಳು ಖಾಲಿ. ಸುಲಿಯುವ ಕೆಲಸಕ್ಕೆ ಕೇಜಿ ಲೆಕ್ಕದಲ್ಲಿ ಕೂಲಿ. ತಾಯಿ ಜೊತೆ ಮಗಳೂ ಕೂತರೆ ಜಾಸ್ತಿ ದುಡ್ಡು. ರಾತ್ರಿ ಹನ್ನೊಂದರವರೆಗೆ ಸುಲಿದು ಬೆಳಗ್ಗೆ ಶಾಲೆಗೆ ಬಂದ ಮಗು ಎರಡನೇ ಪೀರಿಯಡ್ಡಿಗೇ ತಲೆ ಬಾಗಿಸಿ ನಿದ್ದೆ ಮಾಡುತ್ತದೆ. ಪುಸ್ತಕದಲ್ಲಿ ಹಾಜರಿ, ನಿಜವಾಗಿ ಇಲ್ಲ. ಹಿರಿಯೂರು, ಚಳ್ಳಕೆರೆ ಕಡೆ ಈರುಳ್ಳಿ, ಶೇಂಗಾ ಕೀಳುವ ದಿನಗಳಲ್ಲೂ ಹೀಗೇ ಅಂತ ನನ್ನ ತಂಗಿ ಹೇಳುತ್ತಾಳೆ. ತಾಂಡಾಗಳಿಂದ ಕಾಫಿ ಸೀಮೆಗೆ ಗುಳೆ ಹೋಗುವವರ ಮಕ್ಕಳದ್ದು ಇನ್ನೂ ಕಷ್ಟ. ಮನೆಯೇ ಬೀಗ ಹಾಕಿರುತ್ತದೆ, ನಾವು ಯಾರ ಮನೆಗೆ ಭೇಟಿ ಕೊಡೋಣ? ಅಂಥ ಮಕ್ಕಳಿಗೆ ಹಾಸ್ಟೆಲ್ ಸೀಟು ಕೊಡಿಸುವುದೊಂದೇ ದಾರಿ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ಪೂರ್ವ ಹಾಸ್ಟೆಲ್‌ಗಳಿವೆ. ಅರ್ಜಿ ಕರೆಯುವುದು ಶಾಲೆ ಶುರುವಾಗುವ ಹೊತ್ತಿಗೆ. ಅಪ್ಪ ಅಮ್ಮನಿಗೆ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸುವಷ್ಟರಲ್ಲಿ ದಿನ ಮುಗಿದಿರುತ್ತದೆ. ಎಸ್‌ಡಿಎಂಸಿಯವರು ಏಪ್ರಿಲ್, ಮೇನಲ್ಲೇ ಆ ಮನೆಗಳಿಗೆ ಹೋಗಿ ಕಾಗದ ಪತ್ರ ಮಾಡಿಸಿಕೊಟ್ಟರೆ ದೊಡ್ಡ ಉಪಕಾರ. ಇದು ಶಿಕ್ಷಕರಿಂದ ಆಗುವ ಕೆಲಸ ಅಲ್ಲ, ಓಣಿಯಲ್ಲಿ ಪರಿಚಯ ಇರುವವರಿಂದ ಆಗುವ ಕೆಲಸ.

ವಿಶೇಷ ತರಗತಿ ಬೇಡ ಅನ್ನುವುದಿಲ್ಲ. ಆದರೆ ಜನವರಿಯಲ್ಲಿ ಪಾಸಿಂಗ್ ಪ್ಯಾಕೇಜ್ ಕೈಗೆ ಕೊಟ್ಟು, ಈ ಚಿತ್ರ ಬರಿ, ಈ ಎರಡು ಪ್ರಮೇಯ ಬಾಯಿಪಾಠ ಮಾಡು ಅಂತ ಹೇಳುವುದು ಕಲಿಕೆ ಅಲ್ಲ. ಅದರಿಂದ ಪಾಸಾದ ಮಗು ಪಿಯುಸಿಯಲ್ಲಿ ಕೈಚೆಲ್ಲಿ ಕೂರುತ್ತದೆ. ವಿಜ್ಞಾನದಲ್ಲಿ 20 ಅಂಕ ಶಾಲೆಯಲ್ಲೇ ಕೊಡುವ ಆಂತರಿಕ ಅಂಕ, 80 ಅಂಕ ಬರೆಯಬೇಕು. ಆಂತರಿಕದಲ್ಲಿ 19 ಇದ್ದು ಬರವಣಿಗೆಯಲ್ಲಿ 12 ತೆಗೆದ ಮಕ್ಕಳು ಎಷ್ಟು ಮಂದಿ ಅಂತ ನೋಡಿ. ನಿಮ್ಮ ಶಾಲೆಯ ನಿಜವಾದ ಹಾಜರಾತಿ ಅಲ್ಲಿ ಸಿಗುತ್ತದೆ.

ವಿನೋಬನಗರ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಹೋಗಿ ಹಾಜರಾತಿ ಸರಿಯಾಗಿ ಬರೆಯಿರಿ ಅಂತ ಒತ್ತಾಯ ಮಾಡಿದರೆ ಏನಾಗುತ್ತದೆ? ಐವತ್ತು ಮಕ್ಕಳು 75ರ ಕೆಳಗೆ ಬರುತ್ತಾರೆ. ಅವರು ಪರೀಕ್ಷೆಗೆ ಕೂರುವಂತಿಲ್ಲ. ಶಾಲೆಯ ರಿಸಲ್ಟ್ ತಾನಾಗಿ ಮೇಲೆ ಹೋಗುತ್ತದೆ, ಎಲ್ಲರೂ ಸಿಹಿ ಹಂಚುತ್ತಾರೆ. ಆ ಐವತ್ತು ಜನ ಬಡವರ ಮಕ್ಕಳೇ ಆಗಿರುತ್ತಾರೆ. ಈಗಲೇ ಒಂಬತ್ತನೇ ಕ್ಲಾಸಿನಲ್ಲಿ ಕೈಲಾಗದ ಮಕ್ಕಳಿಗೆ ಟಿಸಿ ತಗೊಂಡು ಹೋಗಿ ಅಂತ ಮೆಲ್ಲಗೆ ಹೇಳುವ ಶಾಲೆಗಳಿವೆ. ಇದು ಸರ್ಕಾರಿಯಲ್ಲೂ ಇದೆ, ಅನುದಾನಿತದಲ್ಲೂ ಇದೆ. ನಿಮ್ಮ ಲೆಕ್ಕ ಕೂಡಿಬರಬಹುದು, ಮಕ್ಕಳು ಬೀದಿಗೆ ಬರುತ್ತಾರೆ.

ಅದಕ್ಕೇ ನಾನು ಹೇಳುವುದು, ಪಾಸ್ ಪರ್ಸಂಟೇಜ್ ಕೇಳಲೇಬೇಡಿ. ಮೂರು ವರ್ಷದ ಹಿಂದೆ ಎಂಟನೇ ಕ್ಲಾಸಿಗೆ ಎಷ್ಟು ಮಕ್ಕಳು ಸೇರಿದರು, ಅವರಲ್ಲಿ ಈಗ ಎಷ್ಟು ಜನ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾರೆ ಅಂತ ಕೇಳಿ. ಇನ್ನೂರು ಮಕ್ಕಳು ಸೇರಿ, ನೂರೈವತ್ತು ಮಂದಿ ಪರೀಕ್ಷೆ ಬರೆದು, ನೂರಿಪ್ಪತ್ತು ಪಾಸಾದರೆ ಬೋರ್ಡಿನ ಮೇಲೆ ಶೇ 80 ಅಂತ ಬರೆಯುತ್ತಾರೆ. ಸೇರಿದವರ ಲೆಕ್ಕ ಹಿಡಿದರೆ ಅದು ಶೇ 60. ಉಳಿದ ಐವತ್ತು ಮಂದಿಯಲ್ಲಿ ಯಾರು ಬೇರೆ ಶಾಲೆಗೆ ಹೋದರು, ಯಾರು ಕೆಲಸಕ್ಕೆ ಹೋದರು, ಯಾವ ಹುಡುಗಿಗೆ ಮದುವೆ ಆಯಿತು? ಎಸ್‌ಎಟಿಎಸ್ ಅಂತ ಇಲಾಖೆಯ ಆನ್‌ಲೈನ್ ದಾಖಲೆ ಇದೆಯಲ್ಲ, ಅದರಲ್ಲಿ ಪ್ರತಿ ಮಗುವಿಗೂ ಒಂದು ನಂಬರ್ ಇದೆ. ಬೇರೆ ಕಡೆ ಸೇರಿದ್ದರೆ ಅದರಲ್ಲೇ ಗೊತ್ತಾಗುತ್ತದೆ.

ಹಳೇಪೇಟೆ ಪೋಷಕ, ದಾವಣಗೆರೆ

ವಿನೋಬನಗರದವರೇ, ನಿಮ್ಮ ಮಾತು ಮನಸ್ಸಿಗೆ ನಾಟಿತು. ಸೇರಿದವರ ಲೆಕ್ಕ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಆದರೆ ಒಂದು ಕೇಳಬೇಕು. ಪುಸ್ತಕ ಸರಿಯಾಗಿ ಬರೆದರೆ ಮಕ್ಕಳು ಪರೀಕ್ಷೆಯಿಂದ ಹೊರಗೆ, ಸುಳ್ಳು ಬರೆದರೆ ಯಾರೂ ಅವರನ್ನು ಹುಡುಕುವುದಿಲ್ಲ. ಹಾಗಾದರೆ ನಡುವಿನ ದಾರಿ ಯಾವುದು? ಮೇಷ್ಟ್ರು ಹೇಳಿದರೆ ಚೆನ್ನಾಗಿರುತ್ತದೆ.

ಜಗಳೂರಿನ ಅಕ್ಕ

ಮೇಷ್ಟ್ರು ಹೇಳುವ ಮುಂಚೆ ಹೆಣ್ಣುಮಕ್ಕಳ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಇಲ್ಲಿ ಎಲ್ಲರೂ ಹುಡುಗರ ಬಗ್ಗೆಯೇ ಮಾತಾಡುತ್ತಿದ್ದೀರಿ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹಳ್ಳಿಯ ಹುಡುಗಿಯರಿಗೆ ಬಸ್ ದುಡ್ಡಿನ ಚಿಂತೆ ಹೋಯಿತು, ಅದು ದೊಡ್ಡ ವಿಷಯ. ಎಂಟನೇ ಕ್ಲಾಸಿಗೆ ಬಂದವರಿಗೆ ಸೈಕಲ್ ಕೊಡುವುದು ಕೊರೊನಾ ಸಮಯದಲ್ಲಿ ನಿಂತುಹೋದಾಗ ತುಂಬಾ ತೊಂದರೆ ಆಗಿತ್ತು. ಆದರೆ ಬಸ್ ಫ್ರೀ ಆದರೆ ಸಾಲದು, ಸಮಯಕ್ಕೆ ಬರಬೇಕು, ನಿಲ್ಲಬೇಕು. ಬೆಳಗ್ಗೆ ಒಂದೇ ಬಸ್. ಅದು ತುಂಬಿ ಬಂದರೆ ಮಕ್ಕಳನ್ನು ನೋಡಿಯೂ ನಿಲ್ಲಿಸುವುದಿಲ್ಲ. ಮುಂದಿನದ್ದು ಹಿಡಿದರೆ ಮೊದಲ ಪೀರಿಯಡ್ ಮುಗಿದಿರುತ್ತದೆ. ನನ್ನ ಅಕ್ಕನ ಮಗಳಿಗೆ ಮೊದಲ ಪೀರಿಯಡ್ ಯಾವಾಗಲೂ ಗಣಿತ. ಅವಳು ಯಾವುದರಲ್ಲಿ ಫೇಲಾದಳು ಅಂತ ನಾನು ಹೇಳಬೇಕಾಗಿಲ್ಲ. ಆ ಊರಿನಿಂದ ಬರುವ ಮಕ್ಕಳೆಲ್ಲ ಗಣಿತದಲ್ಲೇ ಹಿಂದೆ ಬಿದ್ದಿದ್ದರು. ಟೈಂಟೇಬಲ್‌ನಲ್ಲಿ ಗಣಿತವನ್ನು ಮೂರನೇ ಪೀರಿಯಡ್ಡಿಗೆ ಹಾಕಿದ್ದರೆ ಸಾಕಿತ್ತು, ಒಂದು ಪೈಸೆ ಖರ್ಚಿಲ್ಲ. ಬಸ್ಸಿಗೂ ಎಸ್‌ಡಿಎಂಸಿ ಹೆಸರಲ್ಲಿ, ಎಷ್ಟು ಮಕ್ಕಳು, ಯಾವ ಸ್ಟಾಪು, ಎಷ್ಟು ಗಂಟೆಗೆ ಅಂತ ಬರೆದು ಡಿಪೋ ಮ್ಯಾನೇಜರ್‌ಗೆ ಅರ್ಜಿ ಕೊಡಿ. ಒಬ್ಬೊಬ್ಬರೇ ಹೋಗಿ ಕೇಳಿದರೆ ಯಾರೂ ಕಿವಿ ಕೊಡುವುದಿಲ್ಲ.

ಇನ್ನು ಶೌಚಾಲಯ. ಇದೆಯಾ ಅಂತ ಕೇಳಬೇಡಿ, ಇದೆ ಅಂತಲೇ ಹೇಳುತ್ತಾರೆ. ನೀರು ಬರುತ್ತಾ, ಬಾಗಿಲಿಗೆ ಚಿಲಕ ಇದೆಯಾ, ಬೀಗದ ಕೈ ಯಾರ ಹತ್ತಿರ ಇರುತ್ತೆ ಅಂತ ಕೇಳಿ. ತಿಂಗಳಿಗೆ ಮೂರು ನಾಲ್ಕು ದಿನ ದೊಡ್ಡ ಹುಡುಗಿಯರು ಯಾಕೆ ಬರುವುದಿಲ್ಲ ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ. ಹೆಣ್ಣುಮಗಳು ಇದ್ದಕ್ಕಿದ್ದ ಹಾಗೆ ಒಂದು ವಾರ ಕಾಣಲಿಲ್ಲ, ಮನೆಯವರು ನೆಂಟರ ಊರಿಗೆ ಹೋಗಿದ್ದಾಳೆ ಅಂತಾರೆ ಅಂದರೆ ಸುಮ್ಮನೆ ಇರಬೇಡಿ. ನಮ್ಮ ಕಡೆ ಹದಿನೆಂಟು ತುಂಬದ ಹುಡುಗಿಯರ ಮದುವೆ ಇನ್ನೂ ನಿಂತಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಹೇಳಿದವರ ಹೆಸರು ಹೊರಗೆ ಬಿಡುವುದಿಲ್ಲ.

ಗಣಿತ ಮೇಷ್ಟ್ರು (ನಿವೃತ್ತ), ಚಿತ್ರದುರ್ಗ

ಅಕ್ಕಾವ್ರು ಹೇಳಿದ ಟೈಂಟೇಬಲ್ ಮಾತು ನೂರಕ್ಕೆ ನೂರು ಸರಿ. ಇಷ್ಟು ವರ್ಷ ಪಾಠ ಮಾಡಿದವನಿಗೂ ಇದು ಹೊಸ ವಿಚಾರವೇ.

ನಡುವಿನ ದಾರಿ ಕೇಳಿದಿರಿ. ವಿನೋಬನಗರದವರ ಭಯ ನಿಜ. ಆದರೆ ಅದಕ್ಕೆ ಔಷಧ ಸುಳ್ಳು ಟಿಕ್ ಅಲ್ಲ. ಬೇಗ ನೋಡುವುದು. ಫೆಬ್ರುವರಿಯಲ್ಲಿ ಪುಸ್ತಕ ತೆರೆದರೆ ಎರಡೇ ದಾರಿ, ಸುಳ್ಳು ಬರೆಯುವುದು ಅಥವಾ ಮಗುವನ್ನು ಹೊರಗೆ ಹಾಕುವುದು. ಜುಲೈನಲ್ಲಿ ತೆರೆದರೆ ಬೇಕಾದಷ್ಟು ದಾರಿ ಇವೆ. 75ಕ್ಕೆ ಬರುವವರೆಗೆ ಕಾಯಬೇಡಿ. ಹತ್ತು ದಿನಕ್ಕೆ ಒಂದು ದಿನ ತಪ್ಪಿದ ಮಗುವಿನ ಹೆಸರನ್ನೇ ಪಟ್ಟಿಗೆ ಹಾಕಿ. ಬೇರೆ ದೇಶಗಳಲ್ಲೂ ಶೇ 10ರಷ್ಟು ದಿನ ಗೈರಾದರೆ ಅದನ್ನು ಎಚ್ಚರಿಕೆಯ ಗಂಟೆ ಅಂತಲೇ ಹಿಡಿಯುತ್ತಾರೆ.

ನಮ್ಮ ನಿಯಮದಲ್ಲಿ ಒಂದು ದೊಡ್ಡ ಕಂಡಿ ಇದೆ. ಮಗು ಸತತವಾಗಿ 7 ದಿನ ಬರದಿದ್ದರೆ ಶಾಲೆಯಿಂದ ಹೊರಗುಳಿದಿದೆ ಅಂತ ಹಿಡಿದು ಹುಡುಕಬೇಕು ಅಂತಿದೆ. ಅದೂ ಕಡ್ಡಾಯ ಶಿಕ್ಷಣದ ವಯಸ್ಸಿನವರಿಗೆ, 14ರವರೆಗೆ. ವಾರಕ್ಕೆ ಎರಡು ದಿನ ತಪ್ಪಿಸಿ ಮೂರನೇ ದಿನ ಬಂದು ಹೋಗುವ ಹುಡುಗ ಆ ಬಲೆಗೆ ಬೀಳುವುದೇ ಇಲ್ಲ. ಒಂಬತ್ತು, ಹತ್ತನೇ ಕ್ಲಾಸಿನವರಿಗೆ ಹೆಚ್ಚಾಗಿ ವಯಸ್ಸೇ ದಾಟಿರುತ್ತದೆ. ಸರ್ಕಾರದ ಕಣ್ಣಿಗೆ ಬೀಳದ ಈ ಮಕ್ಕಳನ್ನು ನೋಡಬೇಕಾದವರು ನೀವು.

ಆರುನೂರು ಮಕ್ಕಳ ಶಾಲೆಯಲ್ಲಿ ಇದು ಆಗುತ್ತಾ ಅಂತ ಕೇಳಬಹುದು. ಆಗುತ್ತದೆ. ಒಬ್ಬೊಬ್ಬ ಶಿಕ್ಷಕರಿಗೆ ಇಪ್ಪತ್ತೈದು ಮಕ್ಕಳನ್ನು ಒಪ್ಪಿಸಿ. ಹತ್ತನೇ ಕ್ಲಾಸಿಗೆ ದತ್ತು ಅಂತ ಈಗಲೂ ಮಾಡುತ್ತಾರೆ, ಅದನ್ನು ಎಂಟಕ್ಕೇ ತನ್ನಿ. ಊಟದ ನಂತರ ಇನ್ನೊಮ್ಮೆ ಹಾಜರಿ ತೆಗೆಯುವ ಕ್ರಮ ಇದೆ, ಅದನ್ನು ತಪ್ಪದೆ ಮಾಡಲಿ. ಹಾಲು, ಬಿಸಿಯೂಟ, ವಾರಕ್ಕೆ ಆರು ದಿನ ಮೊಟ್ಟೆ ಅಥವಾ ಬಾಳೆಹಣ್ಣು ಇದೆಲ್ಲ ಮಕ್ಕಳನ್ನು ಶಾಲೆಗೆ ಕರೆತರುತ್ತದೆ, ಅದರ ಬಗ್ಗೆ ನನಗೆ ಬಹಳ ಗೌರವ ಇದೆ. ಆದರೆ ಮಧ್ಯಾಹ್ನ ಎರಡರ ಮೇಲೆ ಅವರನ್ನು ಹಿಡಿದಿಡುವುದು ಪಾಠ, ಆಟ, ಮೇಷ್ಟ್ರ ಮುಖ. ಆಟದ ಪೀರಿಯಡ್, ಚಿತ್ರಕಲೆ ಪೀರಿಯಡ್ ಕಸಿದುಕೊಂಡು ಗಣಿತ ಮಾಡಿದರೆ ಮಧ್ಯಾಹ್ನದ ಹಾಜರಾತಿ ಇನ್ನೂ ಬೀಳುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ.

ಫೇಲಾದವರ ಬಗ್ಗೆಯೂ ಒಂದು ಮಾತು. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇದೆ. ಮೊದಲ ಪರೀಕ್ಷೆಯ ರಿಸಲ್ಟ್ ಬಂದ ದಿನ ಶಾಲೆಯಲ್ಲಿ ಶಿಕ್ಷಕರು ರಜೆಯಲ್ಲಿರುತ್ತಾರೆ, ಫೇಲಾದ ಮಗು ಮನೆಯಿಂದ ಹೊರಗೇ ಬರುವುದಿಲ್ಲ. ಆಗ ಮನೆಗೆ ಹೋಗಿ, ಅರ್ಜಿ ತುಂಬಿಸಿ, ಎರಡನೇ ಪರೀಕ್ಷೆಗೆ ಕೂರಿಸುವವರು ಬೇಕು. ಒಂದೆರಡು ವಿಷಯ ಉಳಿಸಿಕೊಂಡ ಮಕ್ಕಳು ಎಷ್ಟೋ ಜನ ಇದರಲ್ಲಿ ದಾಟಿಕೊಳ್ಳುತ್ತಾರೆ.

ತೋಳಹುಣಸೆ ಹುಡುಗ

ಮೇಷ್ಟ್ರೇ, ನಮ್ಮ ಹಾಸ್ಟೆಲ್ಲಿನಲ್ಲಿ ನನ್ನ ಹಾಗೆ ಸರ್ಕಾರಿ ಹೈಸ್ಕೂಲಿನಿಂದ ಬಂದವರು ತುಂಬಾ ಜನ ಇದ್ದೇವೆ. ಪೋಷಕರ ಅಣ್ಣ ಒಪ್ಪಿದರೆ ಭಾನುವಾರ ಬೆಳಗ್ಗೆ ಆ ಮಕ್ಕಳಿಗೆ ಗಣಿತ, ಇಂಗ್ಲಿಷ್ ಹೇಳಿಕೊಡಲು ನಾವು ನಾಲ್ಕೈದು ಮಂದಿ ಬರುತ್ತೇವೆ. ಮನೆ ಭೇಟಿಗೂ ಬರುತ್ತೇವೆ. ಭಟ್ಟಿ ಕಡೆ ಯಾವ ಹೊತ್ತಿಗೆ ಹೋದರೆ ಯಾರು ಸಿಗುತ್ತಾರೆ ಅಂತ ನನಗೆ ಗೊತ್ತು.

ಹಳೇಪೇಟೆ ಪೋಷಕ, ದಾವಣಗೆರೆ

ಎಲ್ಲರಿಗೂ ತುಂಬಾ ಧನ್ಯವಾದ. ಉಪ ಪ್ರಾಂಶುಪಾಲರಿಗೆ ಇವತ್ತೇ ಫೋನ್ ಮಾಡಿದ್ದೆ. ರಿಜಿಸ್ಟರ್ ತೋರಿಸೋಕೆ ತಕರಾರಿಲ್ಲ, ಆದರೆ ಹೆಸರು ಹಿಡಿದು ಸಭೆಯಲ್ಲಿ ಓದಬೇಡಿ, ಮಕ್ಕಳ ಮರ್ಯಾದೆ ಹೋಗುತ್ತದೆ ಅಂದರು. ಅದು ನನಗೂ ಸರಿ ಅನಿಸಿತು. ವಾರದ ದಿನದ ಲೆಕ್ಕ, ಲೇಟು ಪುಸ್ತಕ, ಮೊದಲ ಪೀರಿಯಡ್ ಗಣಿತ, ಎಂಟಕ್ಕೆ ಸೇರಿದವರ ಲೆಕ್ಕ, ಶಿಕ್ಷಕರಿಲ್ಲದ ವಾರಗಳು, ಶೌಚಾಲಯದ ನೀರು, ಇಷ್ಟನ್ನು ಬರೆದುಕೊಂಡಿದ್ದೇನೆ. ಇಂಗ್ಲಿಷ್, ಗಣಿತದ ಹುದ್ದೆ ಖಾಲಿ ಇದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಸಮಿತಿಯಿಂದಲೇ ಪತ್ರ ಬರೆಯುತ್ತೇವೆ. ತಮ್ಮಾ, ನಿನ್ನ ಭಾನುವಾರದ ಮಾತನ್ನೂ ಸಭೆಯಲ್ಲಿ ಇಡುತ್ತೇನೆ, ಒಪ್ಪಿಗೆ ಸಿಕ್ಕರೆ ಇಲ್ಲೇ ತಿಳಿಸುತ್ತೇನೆ.

ಒಂದೇ ಸಮಸ್ಯೆ. ಸಭೆ ಇಟ್ಟಿರುವುದು ವಾರದ ನಡುವೆ ಮಧ್ಯಾಹ್ನ ಮೂರಕ್ಕೆ. ಕೂಲಿಗೆ ಹೋಗುವ ಪೋಷಕರು ಯಾರೂ ಬರಲಾರರು.

ಅತಿಥಿ ಶಿಕ್ಷಕಿ, ಚನ್ನಗಿರಿ ತಾಲ್ಲೂಕು

ಸಮಯ ಬದಲಿಸಲು ಕೇಳಿ ಸರ್. ನಾವು ಸಂಜೆ ಆರೂವರೆಗೆ, ತಾಂಡಾದ ಸೇವಾಲಾಲ್ ಗುಡಿ ಮುಂದೆಯೇ ತಾಯಂದಿರ ಸಭೆ ಮಾಡಿದೆವು. ಶಾಲೆಗೆ ಕರೆದರೆ ಬರದವರೂ ಅಲ್ಲಿ ಬಂದು ಕೂತರು. ನಿಮ್ಮಲ್ಲೂ ಓಣಿಗೊಂದು ಗುಡಿಯೋ ಸಮುದಾಯ ಭವನವೋ ಇದ್ದೇ ಇರುತ್ತದೆ. ಹತ್ತನೇ ಕ್ಲಾಸಿನ ರಿಜಿಸ್ಟರ್ ಕೇಳುವ ಮುಂಚೆ ಎಂಟನೆಯದ್ದು ಕೇಳಿ. ಬೇರೆ ಬೇರೆ ಪ್ರೈಮರಿ ಶಾಲೆಗಳಿಂದ ಹೊಸದಾಗಿ ಬಂದ ಆ ಮಕ್ಕಳಿಗೆ ಅಷ್ಟು ದೊಡ್ಡ ಶಾಲೆಯಲ್ಲಿ ಯಾರ ಪರಿಚಯವೂ ಇರುವುದಿಲ್ಲ, ದಸರೆಗೆ ಮುಂಚೆಯೇ ಬಿಡುವುದಕ್ಕೆ ಶುರು ಮಾಡುತ್ತಾರೆ.